ಬ್ಯಾಂಡಿನ ಶೇವಂತಾ

ಬೋರಗಾಂವದಲ್ಲಿ ಶೇವಂತಾ ಎಂಬ ಹೆಸರಿನ ಹೆಂಗಸರು ನಾಲ್ಕಾರು ಮಂದಿ ಸಿಗುತ್ತಾರೆ. ಆದರೆ 'ಬ್ಯಾಂಡಿನ ಶೇವಂತಾ' ಎಂದರೆ ಬುದ್ಧವಿಹಾರದ ಹಿಂದಿನ ಓಣಿಯ ಬಾಳುವಿನ ಹೆಂಡತಿ ಒಬ್ಬಳೇ. ಆಕೆ ಬ್ಯಾಂಡ್ ಬಾರಿಸಿದವಳಲ್ಲ, ಹಾಡಿದವಳೂ ಅಲ್ಲ. ಹರೆಯದಲ್ಲಿ ಒಮ್ಮೆ, ಚಿಕ್ಕಪ್ಪನ ಮಗನ ಮದುವೆಯ ವರಾತಿನ ಮೆರವಣಿಗೆಯಲ್ಲಿ, ಹಾಡುಗಾರನೊಬ್ಬ ಕೇಳಿದಾಗ ತನ್ನ ಹೆಸರು ಹೇಳಿದ್ದಳು. ಆಕೆ ಮಾಡಿದ್ದು ಅಷ್ಟೇ.

ಆ ಕಾಲಕ್ಕೆ ಚಿಕ್ಕೋಡಿಯ ಚಂದ್ರಮಾ ಬ್ಯಾಂಜೋ ಪಾರ್ಟಿಯ ದೌಲತ್ತೇ ಬೇರೆ. ನಿಪ್ಪಾಣಿಯಿಂದ ಅಥಣಿಯವರೆಗೆ ಮದುವೆ ಹಿಡಿದವರು ಮೊದಲು ಬ್ಯಾಂಡಿನವರು ಯಾವತ್ತು ಖಾಲಿ ಇದ್ದಾರೆ ಎಂದು ಕೇಳಿ, ಆಮೇಲೆ ತಾರೀಖು ಗೊತ್ತು ಮಾಡುತ್ತಿದ್ದರು. ಶ್ರೀಪಾಲ ಬ್ಯಾಂಜೋದ ಗುಂಡಿಗಳ ಮೇಲೆ ಬೆರಳು ಓಡಿಸಿದನೆಂದರೆ ಕಟ್ಟೆಯ ಮೇಲೆ ಕೂತ ಮುದುಕರೂ ಎದ್ದು ರುಮಾಲು ಬೀಸುತ್ತಿದ್ದರು. ಹಾಡುವವನು ರಾವಸಾಹೇಬ. ಗುಂಗುರು ಕೂದಲು, ಕೊರಳಿಗೆ ಕೆಂಪು ಕರವಸ್ತ್ರ. ಸ್ಪೀಕರ್ ಹೊತ್ತ ಕೈಗಾಡಿಯ ಮುಂದೆ ಮೈಕು ಹಿಡಿದು ಹಿಮ್ಮುಖವಾಗಿ ನಡೆಯುತ್ತ ಹಾಡುತ್ತಿದ್ದ.

ಅವತ್ತು ವರಾತು ಓಣಿಯ ತಿರುವಿಗೆ ಬಂದಾಗ ಶೇವಂತಾ ಆರತಿಯ ತಾಟು ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದಳು. ರಾವಸಾಹೇಬ ಹಾಡು ನಿಲ್ಲಿಸಿ ಅವಳತ್ತ ಬಾಗಿ, "ಏನವಾ ನಿನ್ನ ಹೆಸರ?" ಎಂದ. ಆಕೆ ಹೇಳಿದಳು. ಅವನು ತಿರುಗಿ ಶ್ರೀಪಾಲನಿಗೆ ಕಣ್ಣು ಹೊಡೆದ. ಬ್ಯಾಂಜೋ ಕುಣಿಯಿತು.

"ತಿರುವಿನ್ಯಾಗ ನಿಂತಾಕಿ ಯಾರಾಕಿ, ಯಾರಾಕಿ? ಶೇವಂತಾ, ಶೇವಂತಾ! ದೀಪಾ ಹಿಡಿದು ದಾರಿ ಮರಸಿದಾಕಿ ಯಾರಾಕಿ? ಶೇವಂತಾ, ಶೇವಂತಾ!"

ಓಣಿಗೆ ಓಣಿಯೇ ಅವಳ ಹೆಸರು ಕೂಗುತ್ತ ಕುಣಿಯಿತು. ಕುಣಿಯುವವರಲ್ಲಿ ಅವಳನ್ನು ಮದುವೆಯಾಗಲಿರುವ ಬಾಳುವೂ ಇದ್ದ. ಸಾಖರಪುಡಾ ಹಂಚಿ ನಿಶ್ಚಯವಾಗಿತ್ತು, ಮದುವೆ ಮುಂದಿನ ತಿಂಗಳಿತ್ತು. ಅವನು ಕುಣಿಯುವುದನ್ನು ಬಿಟ್ಟು ಗೋಡೆಗೆ ಸರಿದು ನಿಂತದ್ದನ್ನು ಆಕೆ ನೋಡಲಿಲ್ಲ. ಆಕೆ ನೋಡುತ್ತಿದ್ದುದು ಮೈಕನ್ನು. ಹುಟ್ಟಿದಾಗಿನಿಂದ ಬೈಯುವುದಕ್ಕೂ ಕೆಲಸ ಹೇಳುವುದಕ್ಕೂ ಬಳಸಿದ್ದ ತನ್ನ ಹೆಸರು ಅದರೊಳಗಿಂದ ಹಾಡಾಗಿ ಬರುತ್ತಿತ್ತು.

ಮದುವೆಯಾದ ಮೊದಲ ವಾರದಲ್ಲೇ ಬಾಳು ಕೇಳಿದ. "ಅಂವಗ ನಿನ್ನ ಹೆಸರ ಯಾರ ಹೇಳಿದ್ರು?"

"ನಾನ ಹೇಳಿದ್ನಿರಿ. ಕೇಳಿದ, ಹೇಳಿದ್ನಿ."

"ಕೇಳಿದವ್ರಿಗೆಲ್ಲಾ ಹೇಳತಿ?"

ಅಂದು ಬಿದ್ದ ಏಟು ಮೊದಲನೆಯದು. ಆಮೇಲೆ ಅದಕ್ಕೆ ಲೆಕ್ಕವಿಲ್ಲ. ಬಾಳು ದುಡಿಯುವ ಮಗ್ಗದ ಶೆಡ್ಡಿನಲ್ಲಿ ಯಾರಾದರೂ ಆ ಹಾಡು ಸಿಳ್ಳೆ ಹೊಡೆದರೆ ಸಾಕು, ಅವನು ಮನೆಗೆ ಬಂದು ಸಿಟ್ಟು ತೀರಿಸಿಕೊಳ್ಳುತ್ತಿದ್ದ. ಒಮ್ಮೆ ಕೈಗೆ ಸಿಕ್ಕ ಮಗ್ಗದ ಲಾಳಿಯಿಂದಲೇ ಹೊಡೆದ. ಮುಂದಿನ ಹಲ್ಲು ಅರ್ಧ ಮುರಿಯಿತು. ಮದುವೆಯಾದ ವರ್ಷದೊಳಗೇ ಮಗ ಸುರಜ ಹುಟ್ಟಿದ, ಆಮೇಲೆ ಇಬ್ಬರು ಹೆಣ್ಣುಮಕ್ಕಳು. ಹೊಡೆತ ಮಾತ್ರ ನಿಲ್ಲಲಿಲ್ಲ. "ಖರೇ ಹೇಳ, ಅವತ್ತ ರಾತ್ರಿ ಅವನ ಹಂತ್ಯಾಕ ಹೋಗಿದ್ದಿಲ್ಲೇನ?" ಎಂದು ಅವನು, "ಇಲ್ರಿ, ಭೀಮಬಾಬಾನ ಆಣಿ, ಇಲ್ರಿ" ಎಂದು ಆಕೆ. ಅದು ನಿಜವೂ ಆಗಿತ್ತು. ಹೆಸರು ಬಿಟ್ಟು ಎರಡನೆಯ ಮಾತನ್ನು ಆಕೆ ಆ ಮನುಷ್ಯನೊಡನೆ ಆಡಿರಲಿಲ್ಲ.

ಹೊರಗಿನವರಿಗೆ ತಿಳಿಯದ ಇನ್ನೊಂದು ಸಂಗತಿ ಇತ್ತು. ಶೇವಂತಾಳಿಗೆ ಆ ಹಾಡಿನ ಮೇಲೆ ಸಿಟ್ಟು ಬರಲೇ ಇಲ್ಲ. ಕಂಡಿಗೆ ನೂಲು ಸುತ್ತುವ ಯಂತ್ರದ ಮುಂದೆ ಕೂತು, ಮಗ್ಗಗಳ ಗದ್ದಲದಲ್ಲಿ ಯಾರಿಗೂ ಕೇಳುವುದಿಲ್ಲವೆಂಬ ಧೈರ್ಯದ ಮೇಲೆ, ದಿನವೂ ಅದನ್ನು ಗುನುಗುತ್ತಿದ್ದಳು. ಪಕ್ಕದಲ್ಲಿ ಕೆಲಸ ಮಾಡುವ ಹೆಂಗಸರು 'ಬ್ಯಾಂಡಿನ ಶೇವಂತಾ' ಎಂದು ಚಾಷ್ಟಿ ಮಾಡಿದರೆ ಮೇಲೆ ಮುಖ ಗಂಟಿಕ್ಕಿ ಒಳಗೊಳಗೇ ಹಿಗ್ಗುತ್ತಿದ್ದಳು. ಇವರ ಹೆಸರಿನ ಮೇಲೆ ಯಾರು ಹಾಡು ಕಟ್ಟಿದ್ದಾರೆ? ಏಟು ತಿಂದ ಮರುದಿನ ಬಾವು ಬಂದ ಕೆನ್ನೆಗೆ ಅರಿಶಿನ ಹಚ್ಚುವಾಗ, ಇದು ಆ ಹಾಡಿಗೆ ತಾನು ಕೊಡುವ ಬೆಲೆ ಎಂದುಕೊಳ್ಳುತ್ತಿದ್ದಳು. ಬೆಲೆಯುಳ್ಳದ್ದಕ್ಕೇ ಬೆಲೆ ಕೊಡುತ್ತಾರೆ ತಾನೆ?

ಊರೂರಿಗೆ ಡಿಜೆ ಬಂತು. ಚಂದ್ರಮಾ ಪಾರ್ಟಿಗೆ ಕರೆ ಕಡಿಮೆಯಾಯಿತು, ಶ್ರೀಪಾಲನಿಗೂ ರಾವಸಾಹೇಬನಿಗೂ ಬಿರುಸು ಮಾತಾಗಿ ಇಬ್ಬರೂ ಬೇರೆಯಾದರು. ಸುದ್ದಿ ಬಂದ ದಿನ ಶೇವಂತಾ ಉಳ್ಳಾಗಡ್ಡಿ ಹೆಚ್ಚುತ್ತ ಅತ್ತಳು. ಅದಕ್ಕೂ ಬಾಳು ಹೊಡೆದ.

ವರ್ಷಗಳು ಉರುಳಿದವು. ಬಾಳುವಿನ ಬಲಭುಜ ಮಗ್ಗದ ಮುಂದೆ ಸವೆದು, ಕೈ ಎದೆಗಿಂತ ಮೇಲೆ ಏಳದಾಯಿತು. ಹೊಡೆತ ತಾನಾಗಿ ನಿಂತು ಬೈಗುಳ ಉಳಿಯಿತು. ಸುರಜ ಅದೇ ಶೆಡ್ಡಿನಲ್ಲಿ ಕೆಲಸಕ್ಕೆ ನಿಂತ. ಅವನಿಗೆ ಅಪ್ಪ ಎಂದರೆ ಪ್ರಾಣ. ಬಾಳುವಿಗೂ ಅಷ್ಟೇ, ಜಗತ್ತಿನಲ್ಲಿ ಅವನು ಗದರದೆ ಮಾತಾಡಿಸುತ್ತಿದ್ದುದು ಮಗನನ್ನು ಮಾತ್ರ. ಮಗನಿಗೆ ಮದುವೆಯಾಗಿ ಸೊಸೆ ನೀಲಮ ಮನೆಗೆ ಬಂದಳು.

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಸುರಜನ ಮೊಬೈಲಿಗೆ ಒಂದು ವಿಡಿಯೋ ಬಂತು. ನರೆತ ತಲೆಯ ಇಬ್ಬರು ಒಬ್ಬರ ಹೆಗಲ ಮೇಲೊಬ್ಬರು ಕೈ ಹಾಕಿ ನಿಂತಿದ್ದರು. ಚಂದ್ರಮಾ ಬ್ಯಾಂಜೋ ಪಾರ್ಟಿ ಮತ್ತೆ ಒಂದಾಗಿದೆ, ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ ಎಲ್ಲ ಕಡೆ ಕಾರ್ಯಕ್ರಮ, ಕೊನೆಗೆ ನಿಪ್ಪಾಣಿ ಎಂದು ಹೇಳುತ್ತಿದ್ದರು. ಊರಲ್ಲಿ ಐವತ್ತು ದಾಟಿದವರೆಲ್ಲ ಹುಡುಗರಾಗಿಬಿಟ್ಟರು. ಚಹಾದಂಗಡಿಯಲ್ಲಿ ಯಾರ ಮದುವೆಗೆ ಶ್ರೀಪಾಲ ಎಷ್ಟು ಹೊತ್ತು ಬಾರಿಸಿದ್ದ ಎಂಬುದರ ಮೇಲೆ ಜಗಳಗಳಾದವು. ಗಿರಣಿಯ ಗುರಪ್ಪ, ಮದುವೆಯ ದಿನ ಕುಣಿಯಲು ಬಿಡದೆ ತನ್ನನ್ನು ಕುದುರೆಯ ಮೇಲೆ ಕೂರಿಸಿದ್ದ ಸಿಟ್ಟನ್ನು ಈಗ ತೀರಿಸಿಕೊಳ್ಳುತ್ತೇನೆಂದು ಹೊಸ ಚಪ್ಪಲಿ ತಂದ.

"ಆಯಿ, ನೀನೂ ನಡಿ" ಎಂದ ಸುರಜ. ಶೇವಂತಾ ಗಂಡನ ಮುಖ ನೋಡಿದಳು.

"ನಡೀಲಿ" ಎಂದ ಬಾಳು. "ಆ ಹಾಡೂ ಮಗನ ಮಾರಿ ನಾನೂ ಒಮ್ಮೆ ನೋಡತೀನಿ."

ನಿಪ್ಪಾಣಿಯ ಮೈದಾನ ತುಂಬಿ ತುಳುಕುತ್ತಿತ್ತು. ಶೇವಂತಾ ಹಸಿರು ಇಳಕಲ್ ಸೀರೆ ಉಟ್ಟು, ಸೊಸೆಯೊಡನೆ ಹೆಂಗಸರ ಸಾಲಿನಲ್ಲಿ ಕೂತಳು. ಗಂಡ, ಮಗ ಆಚೆ. ರಾವಸಾಹೇಬ ಬಂದಾಗ ಗುಂಗುರು ಕೂದಲಿರಲಿಲ್ಲ. ಹೊಟ್ಟೆ ಬಂದಿತ್ತು, ಕೆಂಪು ಕರವಸ್ತ್ರ ಮಾತ್ರ ಇತ್ತು. ದನಿ ಒಡೆದಿತ್ತು. ಮೇಲಿನ ಸ್ವರ ಬಂದಾಗ ಜನರೇ ಹಾಡಿ ಅವನನ್ನು ದಾಟಿಸುತ್ತಿದ್ದರು. ಶ್ರೀಪಾಲನ ಬೆರಳು ಮಾತ್ರ ಅದೇ ಬೆರಳು. ಗುರಪ್ಪ ಕುಣಿದು ಕುಣಿದು ಹೊಸ ಚಪ್ಪಲಿ ಕಳೆದುಕೊಂಡ. ಶೇವಂತಾ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಳುತ್ತಿದ್ದಳು. ಆ ಹಾಡು ಬರಲಿ, ಬರಲಿ ಎನ್ನುತ್ತಿತ್ತು ಜೀವ.

ಬಂತು. ರಾವಸಾಹೇಬ ಮೈಕು ಹಿಡಿದು ವೇದಿಕೆಯ ಅಂಚಿಗೆ ಬಂದ. "ಈಗ ನಿಮ್ಮೆಲ್ಲಾರ ಹಾಡ. ತಿರುವಿನ್ಯಾಗ ನಿಂತಾಕಿ! ಆಕಿ ಇವತ್ತ ಇಲ್ಲೆ ಬಂದಾಳೇನ? ಬಂದಿದ್ರ ಕೈ ಎತ್ತವಾ, ನಾಚಬ್ಯಾಡ!"

ಶೇವಂತಾ ಜೀವಮಾನದಲ್ಲಿ ಮೊದಲ ಬಾರಿ, ಹತ್ತು ಜನರ ಮುಂದೆ ತಾನಾಗಿ ಕೈ ಎತ್ತಿ ಎದ್ದು ನಿಂತಳು. ಗಂಡ ಕೊಂದರೂ ಕೊಲ್ಲಲಿ ಎನಿಸಿತ್ತು.

ಜನ ನಗಲಾರಂಭಿಸಿದರು. ಆಕೆ ಸುತ್ತ ನೋಡಿದಳು. ಅಲ್ಲೊಂದು, ಇಲ್ಲೊಂದು, ಹಿಂದೆ ಕಂಬದ ಹತ್ತಿರ ಇನ್ನೆರಡು, ಬಳೆ ತೊಟ್ಟ ಕೈಗಳು ಎದ್ದಿದ್ದವು. ಎಲ್ಲ ಅವಳ ವಾರಿಗೆಯ ಹೆಂಗಸರು. ಎಲ್ಲರ ಮುಖದಲ್ಲಿಯೂ ಅವಳ ಮುಖದಲ್ಲಿದ್ದುದೇ ಇತ್ತು, ಮತ್ತು ಅದು ಎಲ್ಲರ ಮುಖದಿಂದಲೂ ಒಟ್ಟಿಗೇ ಇಳಿಯುತ್ತಿತ್ತು.

"ನೋಡ್ರಿ, ನೋಡ್ರಿ!" ಎಂದು ರಾವಸಾಹೇಬ ತೊಡೆ ತಟ್ಟಿಕೊಂಡು ನಕ್ಕ. "ಪ್ರತಿ ಊರಾಗ ಇಷ್ಟ ಮಂದಿ ಏಳತಾರ! ಯಾವ ಊರಿಗಿ ಹೋದ್ರೂ ಒಂದ ಹಾಡ, ಹೆಸರ ಮಾತ್ರ ಬ್ಯಾರೆ. ಮಂಗಸೂಳ್ಯಾಗ ಅನುಸೂಯಾ, ಪಾಲಬಾವ್ಯಾಗ ಸಕ್ಕುಬಾಯಿ. ಬರ್ರಿ, ಎಲ್ಲಾರೂ ಮ್ಯಾಲೆ ಬರ್ರಿ!"

ಸ್ವಯಂಸೇವಕರು ಕೈ ಹಿಡಿದು ಹತ್ತಿಸಿದರು. ಬೇಡವೆಂದರೂ ಬಿಡಲಿಲ್ಲ. ಒಬ್ಬೊಬ್ಬರ ಕೈಗೂ ಒಂದು ತೆಂಗಿನಕಾಯಿ ಕೊಟ್ಟು, ಹರಾಜಿನ ದನಗಳ ಹಾಗೆ ಸಾಲಾಗಿ ನಿಲ್ಲಿಸಿದರು. ರಾವಸಾಹೇಬ ಹಾಡುತ್ತ ಹಾಡುತ್ತ ಬಂದು ಪ್ರತಿಯೊಬ್ಬಳ ಬಾಯಿಗೆ ಮೈಕು ಹಿಡಿದು, ಹೆಸರು ಕೇಳಿ, ಅದನ್ನು ಹಾಡಿಗೆ ಸೇರಿಸುತ್ತಿದ್ದ. ಪ್ರತಿ ಹೆಸರಿಗೂ ಮೈದಾನ ಹೋ ಎನ್ನುತ್ತಿತ್ತು. ಶೇವಂತಾಳ ಮುಂದೆ ಬಂದ. ಆಕೆ ಪಿಸುದನಿಯಲ್ಲಿ ಹೆಸರು ಹೇಳಿದಳು.

"ಏನು? ಶಾಂತಾ?"

"ಶೇವಂತಾ."

"ಶೇವಂತಿ ಹೂವಿಗಿ ಹಲ್ಲ ಮುರದೈತಲ್ಲೋ!" ಎಂದ ಮೈಕಿನಲ್ಲಿ. ಇಡೀ ಮೈದಾನ ಬಿದ್ದು ಬಿದ್ದು ನಕ್ಕಿತು. ಅವನು ಮುಂದಿನವಳ ಹತ್ತಿರ ಹೋದ.

ಗಂಡಸರ ಕಡೆಯಿಂದ ಒಂದು ನಗು ಬೇರೆಲ್ಲ ನಗೆಗಳಿಗಿಂತ ಮೇಲೆ ಕೇಳಿಸಿತು. ಅದು ಬಾಳುವಿನದು. ಮೂವತ್ತು ವರ್ಷ ಸಂಸಾರ ಮಾಡಿದರೂ ಅವನು ಹಾಗೆ ನಕ್ಕದ್ದನ್ನು ಆಕೆ ಕೇಳಿರಲಿಲ್ಲ.

ಟಮ್‌ಟಮ್‌ನಲ್ಲಿ ಊರಿಗೆ ಬರುವಾಗ ಬಾಳು ದಾರಿಯುದ್ದಕ್ಕೂ ಕೂತವರಿಗೆ ಅದನ್ನೇ ಹೇಳಿದ. ಮರುದಿನ ಚಹಾದಂಗಡಿಯಲ್ಲಿ ಹೇಳಿದ, ಶೆಡ್ಡಿನಲ್ಲಿ ಹೇಳಿದ. ಭುಜದ ನೋವೇ ಮರೆತಂತಿದ್ದ. ಕಂಡಿಯ ಹೆಂಗಸರು ಈಗ 'ಬ್ಯಾಂಡಿನ ಶೇವಂತಾ' ಎನ್ನಲಿಲ್ಲ. 'ಶಾಂತಾ' ಎಂದು ಕರೆದು ಒಬ್ಬರನ್ನೊಬ್ಬರು ಚಿವುಟಿಕೊಂಡರು. ನೀಲಮ ಒಬ್ಬಳೇ, "ಹೋಗ್ಲಿ ಬಿಡ್ರಿ ಆಯಿ, ಹಳೇದ ಅದು" ಎಂದಳು. ಆ ಕನಿಕರ ಕಂಡಿಯ ಹೆಂಗಸರ ಚಾಷ್ಟಿಗಿಂತ ಹೆಚ್ಚು ಉರಿಯಿತು. ಶೇವಂತಾ ಗುನುಗುವುದನ್ನು ಬಿಟ್ಟಳು. ಬಾಯಿ ತಾನಾಗಿ ತೆರೆದರೆ ಯಂತ್ರದ ಗದ್ದಲವಷ್ಟೇ ಕೇಳುತ್ತಿತ್ತು.

ಮಗ್ಗಕ್ಕೆ ರಜೆ ಇದ್ದ ದಿನ ಬೆಳಿಗ್ಗೆ ಬಾಳು ಅಂಗಳದಲ್ಲಿ ಮೈ ಬಿಟ್ಟು ಕೂತಿದ್ದ. ಶೇವಂತಾ ಅವನ ಭುಜಕ್ಕೆ ಬೆಚ್ಚಗಿನ ಎಣ್ಣೆ ತಿಕ್ಕುತ್ತಿದ್ದಳು. ಅವನಿಗೆ ಮತ್ತೆ ನಗು ಬಂತು.

"ಮೂವತ್ತ ವರ್ಷ ನಿನ್ನ ಸುಮ್ಮಸುಮ್ಮನ ಬಡದ್ನಲ್ಲಲೇ! ನಿನ್ನಂತಾಕಿನ್ನ ಯಾಂವ ನೋಡ್ಯಾನು? ನನ್ನ ಭುಜಾ ಹಾಳಾಗಿದ್ದಷ್ಟ ಬಂತು."

ಶೇವಂತಾಳ ಕೈ ತಿಕ್ಕುವುದನ್ನು ನಿಲ್ಲಿಸಲಿಲ್ಲ.

"ಸುಮ್ಮನ ಬಡದಿಲ್ಲ ನೀವು" ಎಂದಳು.

"ಏನು?"

"ಬ್ಯಾಂಡಿನವ್ರು ಅವತ್ತ ಸಾಲಿ ಕಟ್ಟಿಮ್ಯಾಲ ಉಂಡ್ರು. ನಾ ನೀರ ಕೊಡಾಕ ಹೋಗಿದ್ನಿ. ಹೊಳ್ಳಿ ಬರೂದ್ರಾಗ ಬೆಳಗಾಗಿತ್ತು." ಇನ್ನಷ್ಟು ಎಣ್ಣೆ ಅಂಗೈಗೆ ಸುರಿದುಕೊಂಡಳು. "ನೀವು ಕೇಳಿದಾಗೆಲ್ಲಾ ಹೆದರಿ ಇಲ್ಲ ಅಂದ್ನಿ. ಈಗ ಹೆದರಿಕಿ ಇಲ್ಲ."

ಬಾಳು ತಿರುಗಿ ಅವಳ ಮುಖ ನೋಡಿದ. ಕೈ ಎತ್ತಲು ಹೋದ. ಅದು ಎದೆಯವರೆಗೆ ಬಂದು ನಿಂತಿತು. "ಆ ಹಾಡೂ ಮಗಗ ನಿನ್ನ ಹೆಸರ ಸೈತ ನೆನಪಿಲ್ಲ" ಎಂದ. 

"ಅವಗ ನೆನಪಿರದಿದ್ರ ಏನಾತು? ನನಗ ಐತಿ."

ಅಷ್ಟರಲ್ಲಿ ಸುರಜ ಚಹಾದ ಕಪ್ಪು ಹಿಡಿದು ಹೊರಗೆ ಬಂದ. "ಬಾಬಾ, ತಗೋರಿ" ಎಂದು ಬಾಗಿದ. ಬಾಳು ಕಪ್ಪನ್ನು ನೋಡಲಿಲ್ಲ. ಮಗನ ಮೂಗು ನೋಡಿದ, ಕಿವಿ ನೋಡಿದ, ಬಾಗಿದ ತಲೆಯ ಕೂದಲು ನೋಡಿದ. ಶೇವಂತಾ ಅದನ್ನು ಕಂಡಳು. ತನ್ನ ಮಾತು ಗಂಡನಿಗೆ ತಾಗಬೇಕೆಂದು ಎಸೆದದ್ದು. ಅದು ಯಾರ ಮೇಲೆ ಬಿತ್ತು ಎಂಬುದು ಅವಳಿಗೆ ಆ ಕ್ಷಣವೇ ತಿಳಿಯಿತು. "ಸುಳ್ಳರಿ" ಎಂದಿದ್ದರೆ ಮುಗಿಯುತ್ತಿತ್ತು. ಆಕೆ ಎಣ್ಣೆಯ ಬಟ್ಟಲು ಎತ್ತಿಕೊಂಡು ಒಳಗೆ ಹೋದಳು.

ಬಾಳು ನಗುವುದನ್ನು ಬಿಟ್ಟ, ಬೈಯುವುದನ್ನೂ ಬಿಟ್ಟ. ಒಂದೆರಡು ತಿಂಗಳಲ್ಲೇ ಹತ್ತು ವರ್ಷ ಹೆಚ್ಚಾದವನಂತೆ ಕಾಣುತ್ತಿದ್ದ. ಒಮ್ಮೆ, ಮನೆಯಲ್ಲಿ ಯಾರೂ ಇಲ್ಲದಾಗ, ಒಲೆಯ ಮುಂದೆ ಬಂದು ಕುಕ್ಕರಗಾಲಿನಲ್ಲಿ ಕೂತ. "ಸುಳ್ಳ ಅನ್ನ ಶೇವಂತಾ" ಎಂದ. "ನಿನ್ನ ಕಾಲ ಬೀಳತೀನಿ. ಸಿಟ್ಟಿಗೆದ್ದ ಅಂದ್ನಿ ಅನ್ನ. ನಾ ನಂಬತೀನಿ." ಮದುವೆಯಾದಾಗಿನಿಂದ ಅವನು ಬೈಗುಳವಿಲ್ಲದೆ ಅವಳ ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಶೇವಂತಾ ರೊಟ್ಟಿ ತಿರುವಿ ಹಾಕಿದಳು. 

ಸುರಜನಿಗೆ ಏನೂ ಗೊತ್ತಿಲ್ಲ. "ಬಾಬಾಗ ಏನಾಗೈತಿ ಆಯಿ? ನಾ ಏನರೆ ತಪ್ಪ ಮಾಡೇನೇನ?" ಎಂದು ಎರಡು ಮೂರು ಸಲ ಕೇಳಿದ. "ವಯಸ್ಸಾತಪ್ಪಾ" ಎಂದಳು ತಾಯಿ. ಮೊದಲೆಲ್ಲ ತಂದೆ ಮಗ ಒಂದೇ ಮೋಟಾರ್ ಗಾಡಿಯ ಮೇಲೆ ಶೆಡ್ಡಿಗೆ ಹೋಗುತ್ತಿದ್ದರು. ಈಗ ಬಾಳು ನಡೆದೇ ಹೋಗುತ್ತಾನೆ. ಸುರಜ ಅವನನ್ನು ದಾಟಿ ಹೋಗಲಾರದೆ, ಗಾಡಿ ಬಂದ್ ಮಾಡಿ, ಕಾಲಿನಿಂದ ನೂಕುತ್ತ ಬೆನ್ನ ಹಿಂದೆಯೇ ಹೋಗುತ್ತಾನೆ. "ಕುಂದರ್ರಿ ಬಾಬಾ, ಬಿಸಲ ಐತಿ" ಎನ್ನುತ್ತಾನೆ. ಬಾಳು ಹಿಂದಿರುಗಿ ನೋಡುವುದಿಲ್ಲ.

ಶೇವಂತಾ ಇಬ್ಬರೂ ಮರೆಯಾಗುವವರೆಗೆ ಬಾಗಿಲಲ್ಲಿ ನಿಂತಿದ್ದು, ಆಮೇಲೆ ಕದ ಮುಂದೆ ಮಾಡಿ ಕಂಡಿಯ ಕೆಲಸಕ್ಕೆ ಹೊರಡುತ್ತಾಳೆ.