ಸರೋಜ ಹಾಡಿದ ಡಿಸ್ಕೊ ಹಾಡು

ಸಾಗರದ ಟೈಲರ್ ಗಿರಿಯಪ್ಪನ ಮಗಳು ಸರೋಜ ಹಾಡು ಕಲಿತದ್ದು ಅಪ್ಪನ ಅಂಗಡಿಯ ರೇಡಿಯೊದಿಂದ. ಎಂಬತ್ತೊಂದರಲ್ಲಿ ಸಂಗೀತದ ಮೇಷ್ಟ್ರು ನಾರಾಯಣಮೂರ್ತಿ ಆರ್ಕೆಸ್ಟ್ರಾ ಕಟ್ಟಿದಾಗ ಅವಳನ್ನೇ ಕರೆದರು. ಆಗ ಎಲ್ಲಿ ನೋಡಿದರೂ ಒಂದು ವಿದೇಶಿ ಡಿಸ್ಕೊ ಹಾಡು. ಹಿಂದಿಯಲ್ಲೊಂದು, ತಮಿಳಿನಲ್ಲೊಂದು ನಕಲು ಆಗಲೇ ಬಂದಿದ್ದವು. ಮೂರ್ತಿಯವರು ಅದೇ ಧಾಟಿಗೆ ಕನ್ನಡ ಮಾತು ಕೂರಿಸಿದರು. ಹೊಸನಗರದ ಗಣಪತಿ ಪೆಂಡಾಲಿನಲ್ಲಿ ಸರೋಜ ಅದನ್ನು ಹಾಡಿದಾಗ ಜನ ಬೆಂಚು ಹತ್ತಿ ಕುಣಿದರು. ‘ಒನ್ಸ್ ಮೋರ್’ ಕೂಗು ನಿಲ್ಲಲೇ ಇಲ್ಲ.

ಆಮೇಲೆ ಹಾಡು ಅವಳೊಬ್ಬಳದಾಗಿ ಉಳಿಯಲಿಲ್ಲ. ಬ್ಯಾಂಡ್‌ಸೆಟ್ಟಿನವರು ಅದನ್ನು ದಿಬ್ಬಣದ ಮುಂದೆ ಊದಿದರು. ಭಜನೆಯವರು ದೇವರ ಹೆಸರು ಸೇರಿಸಿಕೊಂಡು ಹಾಡಿದರು. ಚುನಾವಣೆ ಬಂದಾಗ ಜೀಪಿನ ಮೈಕಿನಲ್ಲಿ ಅದೇ ಧಾಟಿಯಲ್ಲಿ ಓಟು ಕೇಳಿದರು. ಸರೋಜ ಎಲ್ಲದಕ್ಕೂ ನಗುತ್ತಿದ್ದಳು.

ಒಂದು ದಿನ ಸರೋಜ ತೀರ್ಥಹಳ್ಳಿ ಬಸ್ಸಿನಲ್ಲಿದ್ದಾಗ ಹಿಂದಿನ ಸೀಟಿನ ಹುಡುಗರು ಅದೇ ಧಾಟಿಯಲ್ಲಿ ಹೊಸದೊಂದನ್ನು ಶುರು ಮಾಡಿದರು. ಸಾಲುಸಾಲಿಗೂ ಅವಳ ಹೆಸರು, ಅವಳ ಮೈ, ಕಿವಿ ಮುಚ್ಚಿಕೊಳ್ಳುವಂಥ ಹೊಲಸು. ಕಂಡಕ್ಟರ್ ಕೂಡ ಸೀಟಿನ ಕಂಬಿಗೆ ತಾಳ ಹಾಕಿದ. ಸ್ವಲ್ಪ ದಿನಕ್ಕೆ ಅದು ಗಿರಿಯಪ್ಪನ ಅಂಗಡಿಯ ಮುಂದೆಯೂ ಕೇಳಿಸಿತು. ಅವನು ಕತ್ತರಿ ಹಿಡಿದು ಬೀದಿಗಿಳಿದ. ಹುಡುಗರು ಓಡಿದರು. ಆದರೆ ಸರೋಜಳ ಮದುವೆ ಗೊತ್ತಾಗಿದ್ದ ಮನೆಯವರು ಹುಡುಗಿ ಬೇಡವೆಂದು ಹೇಳಿ ಕಳಿಸಿದರು.

‘ಹಾಡಿದ್ದು ಸಾಕು, ಮನೇಲಿರು,’ ಎಂದಳು ತಾಯಿ ದುಗ್ಗಮ್ಮ.

‘ನಾನೆಂತ ಮಾಡಿದೀನಿ ಅಂತ ಮನೇಲಿರ್ಲಿ?’

ಸರೋಜ ಮೂರ್ತಿಯವರ ಬಳಿ ಹೋಗಿ ಅತ್ತಳು. ಅವರು ಎಲೆಯಡಿಕೆ ಜಗಿಯುತ್ತಲೇ, ‘ಹೆಸರು ಬಂದ್ಮೇಲೆ ಇದೆಲ್ಲ ಇದ್ದಿದ್ದೇ ಮಾರಾಯ್ತಿ. ಜನ ಜಾಸ್ತಿ ಬರ್ತಿದಾರಲ್ಲ,’ ಎಂದರು.

ನಿಜ ಹೇಳಿದವನು ಡ್ರಮ್ಸ್ ಬಾರಿಸುತ್ತಿದ್ದ ಹೇರಂಬ. ಮೂರ್ತಿಯವರೊಡನೆ ಜಗಳವಾಡಿ ತಂಡ ಬಿಟ್ಟವನು ನೇರ ಅವಳ ಮನೆಗೆ ಬಂದ.

‘ಅದನ್ನ ಬರ್ದಿದ್ದು ಮೂರ್ತಿಯವರೇ. ತೀರ್ಥಹಳ್ಳಿ ಆರ್ಕೆಸ್ಟ್ರಾದವ್ರು ಕರೆದಾಗ ನೀನು ಆ ತಂಡಕ್ಕೆ ಹೋಗ್ತೀನಿ ಅಂದಿದ್ಯಲ್ಲ, ಆ ಸಿಟ್ಟಿಗೆ. ನಮ್ಮೆದುರೇ ಹಾಡಿ ತೋರ್ಸಿದ್ರು.’

‘ನೀನೆಂತ ಮಾಡ್ದೆ?’

‘ನಕ್ಕೆ.’

ಸರೋಜ ಅವನ ಕೆನ್ನೆಗೆ ಬಾರಿಸಿದಳು.

ಮುಂದಿನ ಕಾರ್ಯಕ್ರಮ ಸಾಗರದಲ್ಲೇ. ಏನೂ ಗೊತ್ತಿಲ್ಲದವಳಂತೆ ಸರೋಜ ವೇದಿಕೆ ಹತ್ತಿದಳು. ‘ಡಿಸ್ಕೊ! ಡಿಸ್ಕೊ!’ ಎಂದು ಜನ ಕೂಗಿದಾಗ ಮೈಕು ಕೈಗೆತ್ತಿಕೊಂಡಳು.

‘ಈ ಧಾಟಿಗೆ ನನ್ನ ಹೆಸ್ರು ಹಾಕಿ ಹೊಲಸು ಬರ್ದವ್ರು ಇಲ್ಲೇ ಹಾರ್ಮೋನಿಯಂ ಮುಂದೆ ಕೂತಿದಾರೆ. ಇವತ್ತು ಅವ್ರೇ ಹಾಡ್ತಾರೆ. ಹಾಡಿ ಮೇಷ್ಟ್ರೇ. ನಿಮ್ಮ ಮನೆಯವ್ರೂ ಬಂದಿದಾರೆ, ಕೇಳ್ಲಿ.’

‘ಹುಚ್ಚು ಹಿಡ್ದಿದೆ ಇವ್ಳಿಗೆ! ಮೈಕ್ ಆಫ್ ಮಾಡ್ರೋ!’ ಎಂದು ಮೂರ್ತಿಯವರು ಅರಚಿದರು.

ಹಿಂದಿನಿಂದ ಶಿಳ್ಳೆ ಬಿತ್ತು. ಯಾರೋ ಆ ಹೊಲಸು ಹಾಡನ್ನೇ ಎತ್ತಿಕೊಂಡರು, ನಾಲ್ಕಾರು ದನಿ ಕೂಡಿಕೊಂಡವು. ಒಂದು ಚಪ್ಪಲಿ ಬಂದು ಸರೋಜಳ ಭುಜಕ್ಕೆ ತಾಗಿತು. ಅವಳು ಕದಲಲಿಲ್ಲ. ಆಗ ಮೂರ್ತಿಯವರ ಹೆಂಡತಿ ವಾಗ್ದೇವಿ ಮುಂದಿನ ಸಾಲಿನಿಂದ ಎದ್ದು ವೇದಿಕೆಯ ಹತ್ತಿರ ಬಂದರು.

‘ಬರ್ದಿದ್ದು ನೀವೇನಾ?’

ಮೂರ್ತಿಯವರು ಹಾರ್ಮೋನಿಯಂ ಮುಚ್ಚತೊಡಗಿದರು. ವಾಗ್ದೇವಿ ಸೆರಗು ಸರಿಮಾಡಿಕೊಂಡು ಹೊರಟುಹೋದರು. ಆ ವರ್ಷವೇ ತಂಡ ಒಡೆಯಿತು.

ಹೊಲಸು ಹಾಡು ಮಾತ್ರ ಅಷ್ಟು ಬೇಗ ಸಾಯಲಿಲ್ಲ. ಸರೋಜ ತೀರ್ಥಹಳ್ಳಿ ತಂಡ ಸೇರಿ, ಬೇಕೆಂದೇ ಅದೇ ಧಾಟಿಯ ಕನ್ನಡ ಹಾಡನ್ನು ಪ್ರತಿ ಊರಿನಲ್ಲೂ ಹಾಡಿದಳು. ಕೆಳಗಿನಿಂದ ಯಾರಾದರೂ ಕೆಟ್ಟ ಸಾಲು ಕೂಗಿದರೆ ವಾದ್ಯ ನಿಲ್ಲಿಸಿ, ‘ಮೇಲೆ ಬಾ, ಇಲ್ಲಿ ಬಂದು ಹಾಡು,’ ಎನ್ನುತ್ತಿದ್ದಳು. ಒಬ್ಬನೂ ಬರಲಿಲ್ಲ. ಅದೇ ತಂಡದಲ್ಲಿ ಟ್ರಂಪೆಟ್ ಊದುತ್ತಿದ್ದ ಕೆರಿಯಪ್ಪನನ್ನು ಮದುವೆಯಾದಳು.

ಎಂಬತ್ತೆಂಟರಲ್ಲಿ ಸಾಗರದ ಬಸ್‌ಸ್ಟ್ಯಾಂಡಿನಲ್ಲಿ ಮೂರ್ತಿಯವರು ಎದುರಾದರು. ‘ಆಗಿದ್ದು ಆಗ್ಹೋಯ್ತು ಸರೋಜಾ,’ ಎಂದರು.

‘ನಿಮಗೆ ಆಗ್ಹೋಯ್ತು,’ ಎಂದು ಅವಳು ಕೆರಿಯಪ್ಪನ ಕೈಯಿಂದ ಚೀಲ ತೆಗೆದುಕೊಂಡು ಬಸ್ಸು ಹತ್ತಿದಳು. ಮೂರ್ತಿಯವರು ಕಿಟಕಿಯ ಹತ್ತಿರ ಬಂದು ಇನ್ನೇನೋ ಹೇಳಿದರು. ಅವಳು ಗಾಜು ಎಳೆದಳು.