ಪೂಜೆಗೆ ಕೂತ ಯಂತ್ರ

ಯಂತ್ರಕ್ಕೂ ಜೀವವಿದೆ, ಅದಕ್ಕೂ ಎಲ್ಲ ತಿಳಿಯುತ್ತದೆ ಎಂಬ ಮಾತುಗಳನ್ನು ನಾನು ಎಂದೂ ನಂಬಿದವನಲ್ಲ. ನಂಬುವವರನ್ನು ಗೇಲಿ ಮಾಡುವುದರಲ್ಲಿ ಮುಂದು. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ಕೆಲವು ವರ್ಷಗಳ ಹಿಂದೆ, ಆಯುಧಪೂಜೆಯ ಮಧ್ಯಾಹ್ನ, ಯಲಹಂಕದ ನಮ್ಮ ಕಚೇರಿಯಲ್ಲಿ ಕಂಡದ್ದನ್ನು ಕಂಡಿಲ್ಲ ಎನ್ನಲೂ ಆಗದು.

ಒಂದೇ ಯಂತ್ರದೊಳಗೆ ಹಲವು ನೆಟ್‌ವರ್ಕ್‌ಗಳನ್ನು ನಡೆಸುವ ಡ್ರೈವರ್ ಎಂಬ ತಂತ್ರಾಂಶ ಬರೆಯುವುದು ನಮ್ಮ ಕೆಲಸ. ಹಾದುಹೋಗುವ ಮಾಹಿತಿಯ ತುಣುಕುಗಳಿಗೆ, ಅಂದರೆ ಪ್ಯಾಕೆಟ್ಟುಗಳಿಗೆ, ಅವು ಯಾವ ಕಡೆಗೆ ಹೋಗಬೇಕೆಂಬ ಲೇಬಲ್ ಇರುತ್ತದೆ. ಒಂದು ಆಸ್ಪತ್ರೆಯಲ್ಲಿ ಅದನ್ನು ಪ್ರಯೋಗಕ್ಕೆ ಹಾಕಿದಾಗ ಲೇಬಲ್‌ಗಳು ತಪ್ಪಿ, ಮೂರನೇ ಮಹಡಿಯ ರೋಗಿಯ ನಾಡಿಬಡಿತ ಎರಡನೇ ಮಹಡಿಯ ಪರದೆಯಲ್ಲಿ ಕಾಣಿಸಿತು. ಪುಣ್ಯಕ್ಕೆ ನರ್ಸ್ ಒಬ್ಬರು ಗಮನಿಸಿದರು. ಯಾರ ತಪ್ಪೆಂದು ಬಾಸ್ ಕೇಳಿದಾಗ ನಾನು ಹಿಂದುಮುಂದು ನೋಡದೆ, "ಪದ್ಮಾ ಮೇಡಂ ಬರ್ದಿರೋ ಕೋಡ್ ಇರ್ಬೇಕು ಸಾರ್" ಎಂದುಬಿಟ್ಟೆ. ನನಗೆ ಈ ಕೆಲಸ ಕಲಿಸಿದವರೇ ಪದ್ಮಾ. ಆಯುಧಪೂಜೆಯ ಸಂಜೆ ಆರರೊಳಗೆ ಬೇರೆ ಕಾರಣ ಸಿಗದಿದ್ದರೆ ಅವರನ್ನು ಮನೆಗೆ ಕಳಿಸುವುದೆಂದು ತೀರ್ಮಾನವಾಯಿತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಬೆಳಿಗ್ಗೆ ಪೂಜೆ ಮುಗಿಸಿ, ಕಡ್ಲೆಪುರಿ ಕಟ್ಟಿಕೊಂಡು ಎಲ್ಲರೂ ಹೋದರು. ನಾನೊಬ್ಬನೇ ಉಳಿದು ಪರೀಕ್ಷೆಯ ಸರ್ವರ್‌ನಲ್ಲಿ ಹಾಯುವ ಪ್ಯಾಕೆಟ್ಟುಗಳನ್ನು ಒಂದೊಂದಾಗಿ ನೋಡಿದೆ. ಮೂರು ಗಂಟೆ ಕೂತರೂ ಒಂದೂ ತಪ್ಪು ಸಿಗಲಿಲ್ಲ. ನಾಚಿಕೆ ಬಿಟ್ಟು ಹೇಳುತ್ತೇನೆ, ಅತ್ತುಬಿಟ್ಟೆ.

ಮೂಲೆಯಲ್ಲಿ ಒಂದು ಹಳೆಯ ಯಂತ್ರವಿತ್ತು. ಲೇಬಲ್ಲೇ ಇಲ್ಲದ ಪ್ಯಾಕೆಟ್ ಕಳಿಸುವ ಕಾಲದ್ದು, ಯಾರೂ ಬಳಸುತ್ತಿರಲಿಲ್ಲ. ಬೆಳಿಗ್ಗೆ ಅದನ್ನು ಆಫ್ ಮಾಡಿ, ನೆಟ್‌ವರ್ಕ್ ಕೇಬಲ್ ಕಿತ್ತು, ಒರೆಸಿ, ಕುಂಕುಮವಿಟ್ಟು ಚೆಂಡುಹೂವು ಮುಡಿಸಿದ್ದರು. ಬೇರೇನೂ ತೋಚದೆ, ಅದನ್ನೇ ಜೋಡಿಸಿ ನೋಡೋಣವೆಂದು ಅದರ ಕೇಬಲ್ ಕೈಗೆತ್ತಿಕೊಂಡೆ. ಬಾಗಿಲಲ್ಲಿದ್ದ ಸೆಕ್ಯೂರಿಟಿ ಮುನಿರಾಜಪ್ಪ, ಪಕ್ಕದ ಕೋಗಿಲು ಊರಿನ ಹಿರಿಯರು, ಓಡಿಬಂದರು.

"ಬ್ಯಾಡಿ ಸಾರ್! ಪೂಜೆಗ್ ಕೂತೈತೆ. ಇವತ್ ಅದರ ಕೈಲಿ ಕೆಲ್ಸ ಮಾಡಿಸ್ಬಾರ್ದು. ಯಾಕ್ ಇಂಗಾಡ್ತೀರಾ?"

"ನನ್ ಬಾಯಿಂದ ಒಬ್ರ ಕೆಲ್ಸ ಹೋಗ್ತಿದೆ ಕಣ್ರೀ."

"ಅಂಗಾರೆ ಕೈ ಮುಗ್ದು ಕೇಳ್ಕಳಿ."

ಕೈ ಮುಗಿದೆ. ಭಕ್ತಿಯಿಂದಲ್ಲ, ವಾದಿಸುವ ಶಕ್ತಿಯಿಲ್ಲದೆ. ನನ್ನ ಜಾಗಕ್ಕೆ ಮರಳಿದಾಗ ಪರದೆಯಲ್ಲಿ ಹೊಸ ಸಾಲುಗಳು ಬರುತ್ತಿದ್ದವು. ಕಳಿಸಿದವರ ವಿಳಾಸ ಆ ಹಳೆಯ ಯಂತ್ರದ್ದು. ಲೇಬಲ್ಲಿಲ್ಲದ ಹನ್ನೆರಡು ಪ್ಯಾಕೆಟ್ಟುಗಳು ಬಂದವು, ನಿಂತವು. ಪ್ರತಿಯೊಂದಕ್ಕೂ ಅದಕ್ಕಿಂತ ಮುಂಚೆ ಹೋದ ಪ್ಯಾಕೆಟ್ಟಿನ ಲೇಬಲ್ ಅಂಟಿಕೊಂಡಿತ್ತು.

ನೋಡಿದೊಡನೆ ಕಾರಣ ಹೊಳೆಯಿತು. ಒಂದು ಪ್ಯಾಕೆಟ್ ಹೋದ ಮೇಲೆ ಆ ಜಾಗದಲ್ಲಿ ಉಳಿಯುವ ಲೇಬಲ್ಲನ್ನು ಅಳಿಸುವ ಸಾಲೊಂದು ಮೊದಲು ಕೋಡಿನಲ್ಲಿತ್ತು. ವೇಗ ಹೆಚ್ಚಲೆಂದು ಅದನ್ನು ಕಿತ್ತವನು ನಾನು. ಆಸ್ಪತ್ರೆಯಲ್ಲೂ ಲೇಬಲ್ಲಿಲ್ಲದೆ ಕಳಿಸುವ ಹಳೆಯ ಉಪಕರಣಗಳಿದ್ದವೆಂದು ಆಮೇಲೆ ತಿಳಿಯಿತು.

ಐದೂವರೆಗೆ ಬಾಸ್‌ಗೆ ಫೋನ್ ಮಾಡಿ "ತಪ್ಪು ನಂದೇ ಸಾರ್" ಎಂದೆ. ಪದ್ಮಾ ಉಳಿದರು. ನನ್ನ ಬಡ್ತಿ ತಪ್ಪಿತು, ತಪ್ಪಲಿ.

"ಅದ್ ಹೆಂಗೋ ಕಣ್ಣಿಗ್ ಬಿತ್ತು ನಿಂಗೆ?" ಎಂದು ಅವರು ಕೇಳಿದರು. "ಹಂಗೇ ಸಿಕ್ತು ಮೇಡಂ" ಎಂದು ಜಾರಿಕೊಂಡೆ.

ಅದೇ ವಿಳಾಸದ ಇನ್ನೊಂದು ಯಂತ್ರವಿತ್ತೇ ಎಂದು ಇಡೀ ಕಚೇರಿ ಜಾಲಾಡಿದೆ, ಇರಲಿಲ್ಲ. ಹಳೆಯ ದಾಖಲೆಯಿರಬಹುದೆಂದು ನೋಡಿದರೆ, ಸಮಯ ಅದೇ ಮಧ್ಯಾಹ್ನದ್ದು. ಆ ಹನ್ನೆರಡು ಸಾಲುಗಳು ಇಂದಿಗೂ ನನ್ನ ಬಳಿ ಇವೆ. ಅವು ಬಂದಾಗ ಯಂತ್ರ ಆಫ್ ಆಗಿತ್ತು. ಅದರ ಕೇಬಲ್, ತುದಿಯ ಕುಂಕುಮದ ಸಮೇತ, ಇನ್ನೂ ನನ್ನ ಕೈಯಲ್ಲೇ ಇತ್ತು.