ಎನೆಲೆಸಿಯ ತೊಗಟೆ ಕಷಾಯ

ಡೆಡ್ಜಾ ಬೆಟ್ಟದ ಬುಡದ ಆ ಊರಲ್ಲಿ ಮುಖ್ಯಸ್ಥನ ಮಾತನ್ನು ಮೀರಿದವರಿದ್ದಾರೆ. ಪಾದ್ರಿಯ ಮಾತನ್ನಂತೂ ವಾರಕ್ಕೊಮ್ಮೆ ಮೀರುತ್ತಾರೆ. ಎನೆಲೆಸಿಯ ಮಾತು ಮೀರಿದ ಹೆಂಗಸು ಮಾತ್ರ ಇಲ್ಲ. ಮೂವತ್ತು ವರ್ಷಗಳಿಂದ ಮೈನೆರೆದ ಹುಡುಗಿಯರನ್ನು ಗುಡಿಸಿಲಲ್ಲಿ ಕೂರಿಸಿಕೊಂಡು ಮೈಯ ವಿದ್ಯೆ ಕಲಿಸುವವಳು ಅವಳೇ. ಗಂಡನನ್ನು ಹೇಗೆ ಸಂಭಾಳಿಸಬೇಕು, ತೊಗಟೆ ಕಷಾಯದಿಂದ ಒಳಗನ್ನು ಹೇಗೆ ತೊಳೆದುಕೊಳ್ಳಬೇಕು, ಎಲ್ಲ. ಮೂವರು ಗಂಡಂದಿರಲ್ಲಿ ಇಬ್ಬರನ್ನು ಓಡಿಸಿ ಒಬ್ಬನನ್ನು ಮಣ್ಣು ಮಾಡಿದ್ದಳು, ಅನುಭವಕ್ಕೇನೂ ಕೊರತೆಯಿರಲಿಲ್ಲ.

ತೀರಿಹೋದ ತಂಗಿಯ ಮಗಳು ಜಿಯೋನೆ ಅವಳಿಗೆ ಸ್ವಂತ ಮಗಳೇ. ಒಂದು ಬೆಳಿಗ್ಗೆ ಜೋಳ ಕುಟ್ಟುತ್ತ ಜಿಯೋನೆ ತಗ್ಗಿದ ದನಿಯಲ್ಲಿ ಹೇಳಿದಳು: "ದೊಡ್ಡಮ್ಮ, ಅವರ ಜೊತೆ ಮಲಗಿದ್ಮೇಲೆ ರಕ್ತ ಕಾಣ್ತಿದೆ. ಮುಟ್ಟಿಂದಲ್ಲ."

ಎನೆಲೆಸಿಯ ಒನಕೆ ನಿಂತಿತು. ತಂಗಿಗೂ ಹೀಗೆಯೇ ಶುರುವಾಗಿತ್ತು. ಗರ್ಭಕೋಶದ ಬಾಯಿಯ ಕ್ಯಾನ್ಸರ್ ಎಂದು ಗೊತ್ತಾಗುವಷ್ಟರಲ್ಲಿ ಕೈಮೀರಿತ್ತು.

ಸರ್ಕಾರಿ ಆಸ್ಪತ್ರೆಯಲ್ಲಿ ಗರ್ಭಕೋಶದ ಬಾಯಿಯ ತಪಾಸಣೆ ತಿಂಗಳ ಮೊದಲ ಮಂಗಳವಾರ ಮಾತ್ರ. ಪರರಿಗೆ ತೋರಿಸುವ ಜಾಗ ಚೊಕ್ಕಟವಾಗಿರಬೇಡವೇ? ಎನೆಲೆಸಿ ತೊಗಟೆ ಕುದಿಸಿ, ಜಿಯೋನೆಗೆ ಒಳಗೆಲ್ಲ ತೊಳೆಸಿ ಕಳಿಸಿದಳು. ನರ್ಸ್ ತಿಯಾಮಿಕೆ ನೋಡಿ, "ಕೆಂಪಗೆ ಕೆರಳಿದೆ, ಏನೂ ಕಾಣ್ತಿಲ್ಲ, ಮುಂದಿನ ತಿಂಗಳು ಬಾ" ಎಂದು ಮಾತ್ರೆ ಕೊಟ್ಟಳು. ಯಾಕೆ ಕೆರಳಿತೆಂದು ಕೇಳಲಿಲ್ಲ. ಸಾಲಿನಲ್ಲಿ ಇನ್ನೂ ನಲವತ್ತು ಜನರಿದ್ದರು.

ಕೊಳೆ ಹೋಗಿಲ್ಲವೆಂದು ಎನೆಲೆಸಿಗೆ ಅವಮಾನವಾಯಿತು. ಎರಡನೆಯ ತಿಂಗಳು ಕಷಾಯವನ್ನು ಗಟ್ಟಿ ಮಾಡಿ ಬಟ್ಟೆ ಸೋಪನ್ನೂ ಕದಡಿದಳು. ಜಿಯೋನೆ ಮತ್ತೆ ವಾಪಸ್ ಬಂದಳು.

ತಪಾಸಣೆಗೆ ಎರಡು ದಿನ ಮುಂಚಿನಿಂದ ಒಳಗೆ ತೊಳೆಯಬೇಡಿ, ಏನೂ ಹಾಕಬೇಡಿ, ಗಂಡನ ಜೊತೆ ಮಲಗಬೇಡಿ ಎಂದು ಆಸ್ಪತ್ರೆಯ ಗೋಡೆಯ ಮೇಲೆ ಬರೆದಿತ್ತು. ಇಂಗ್ಲಿಷಿನಲ್ಲಿ. ಅದನ್ನು ಓದಬಲ್ಲ ಹೆಂಗಸರು ಪೇಟೆಯ ಖಾಸಗಿ ಡಾಕ್ಟರ ಬಳಿ ಹೋಗುತ್ತಾರೆ. ಸರ್ಕಾರದ ಕರ್ತವ್ಯವನ್ನು ಗೋಡೆ ಮುಗಿಸಿತ್ತು.

ಮೂರನೆಯ ತಿಂಗಳು, ಉರಿ ತಾಳದೆ ಜಿಯೋನೆ ಮನೆಯಲ್ಲಿ ತೊಳೆಯುವುದನ್ನೇ ಬಿಟ್ಟಿದ್ದಾಗ, ಎನೆಲೆಸಿ ತಾನೇ ಜೊತೆಗೆ ಹೊರಟಳು. ಆಸ್ಪತ್ರೆಯ ಹಿತ್ತಲಲ್ಲೇ ಬಿಸಿಬಿಸಿ ತೊಳೆಸಿದರೆ ಈ ನರ್ಸ್ ಏನನ್ನುತ್ತಾಳೋ ನೋಡೋಣ ಎಂದು ಕೆಟಲ್ ತುಂಬ ಕಷಾಯ ಹೊತ್ತಿದ್ದಳು.

ತಿಯಾಮಿಕೆ ವಾಸನೆ ಹಿಡಿದಳು. "ಅಜ್ಜಿ, ಅದೇನು?"

"ನಿನ್ನ ಕಣ್ಣಿಗೆ ಹಿಡಿಸೋ ಹಾಗೆ ಇವಳನ್ನ ತೊಳೆಸೋಕೆ. ಎರಡು ಸಲ ಕೊಳಕು ಅಂತ ಓಡಿಸಿದ್ಯಲ್ಲ."

ನರ್ಸ್ ಗೋಡೆಗೊರಗಿದಳು. "ಕೊಳಕು ಅಂದಿಲ್ಲ ಅಜ್ಜಿ. ಈ ನೀರೇ ಇವಳನ್ನ ಸುಟ್ಟಿರೋದು."

"ಹಂಗಂತ ಬಾಯಿ ಬಿಟ್ಟು ಹೇಳೋಕೆ ನಿಂಗೇನಾಗಿತ್ತು?"

"ಗೋಡೆ ಮೇಲೆ..." ಎನ್ನಹೊರಟ ತಿಯಾಮಿಕೆ ಅಲ್ಲಿಗೇ ನಿಲ್ಲಿಸಿದಳು. ಕೆಟಲ್ ಹೊರಗಿಡಿಸಿ ಇಬ್ಬರನ್ನೂ ಒಳಗೆ ಕರೆದಳು. ಜಿಯೋನೆಯನ್ನು ಮೇಜಿನ ಮೇಲೆ ಮಲಗಿಸಿ, ತಪಾಸಣೆಯ ಉಪಕರಣ ಎತ್ತಿ ತೋರಿಸಿದಳು.

"ಇದು ಬಾತುಕೋಳಿ ಕೊಕ್ಕಿನ ಥರ. ಒಳಗಿಟ್ಟು ಮೆಲ್ಲಗೆ ಬಿಡಿಸಿದ್ರೆ ಗರ್ಭಕೋಶದ ಬಾಯಿ ಕಾಣುತ್ತೆ. ಅಲ್ಲಿಗೆ ಹತ್ತೀಲಿ ವಿನಿಗರ್ ಒತ್ತಿ ಒಂದು ನಿಮಿಷ ಕಾಯೋದು. ಕೆಟ್ಟ ಜಾಗ ಇದ್ರೆ ಬೆಳ್ಳಗಾಗುತ್ತೆ."

"ಸಂತೇಲಿ ಕರಿದ ಆಲೂಗಡ್ಡೆಗೆ ಚಿಮುಕಿಸ್ತಾರಲ್ಲ, ಆ ವಿನಿಗರಾ?"

"ಹೂಂ. ನೀರು ಬೆರೆಸಿದ್ದು."

"ಉಪ್ಪೊಂದು ಯಾಕೆ ಬಿಟ್ರಿ?"

ಮಲಗಿದ್ದ ಜಿಯೋನೆಗೆ ನಗು ಬಂತು. ನಕ್ಕಾಗ ಮೈ ಸಡಿಲವಾಯಿತು, ಕೊಕ್ಕು ನೋವಿಲ್ಲದೆ ಕೂತಿತು. ತಿಯಾಮಿಕೆ ವಿನಿಗರ್ ಒತ್ತಿ ಒಂದು ನಿಮಿಷ ಕಾದಳು. ಅಂಚಿನಲ್ಲಿ ಉಗುರಿನಷ್ಟು ಬಿಳಿ ಮೂಡಿತು.

"ಕ್ಯಾನ್ಸರ್ ಥರ ಕಾಣ್ತಿಲ್ಲ," ಎಂದಳು ತಿಯಾಮಿಕೆ. "ಹಾಗೇ ಬಿಟ್ಟಿದ್ರೆ ಮುಂದೆ ಆಗಬಹುದಿತ್ತು. ಬಿಸಿ ಮೊನೆ ಒತ್ತಿ ಈಗಲೇ ಸುಡ್ತೀನಿ. ಹೊಟ್ಟೆ ಸ್ವಲ್ಪ ಹಿಂಡುತ್ತೆ. ಕೆಲವು ವಾರ ಕೆಳಗಿಂದ ನೀರು ಹೋಗುತ್ತೆ. ಆರು ವಾರ ಗಂಡ ಹತ್ತಿರ ಬರಬಾರದು. ವರ್ಷ ತುಂಬಿದ್ಮೇಲೆ ಮತ್ತೆ ತೋರಿಸಬೇಕು. ರಕ್ತ ನಿಲ್ಲದಿದ್ರೆ ಅಲ್ಲೀವರೆಗೂ ಕಾಯಬೇಡ, ಬಂದುಬಿಡು."

"ಆ ಗಂಡನ್ನ ನನಗೆ ಬಿಡು," ಎಂದಳು ಎನೆಲೆಸಿ.

ಸುಡುವುದು ಮುಗಿದ ಮೇಲೆ ಹೊರಬಂದು ಕೆಟಲನ್ನು ಇಂಗ್ಲಿಷ್ ಗೋಡೆಯ ಬುಡಕ್ಕೆ ಬಗ್ಗಿಸಿದಳು. ಊರಿಗೆ ಬಂದವಳೇ, ತಾನು ಮೂವತ್ತು ವರ್ಷ ಕಲಿಸಿದ ಹೆಂಗಸರನ್ನೆಲ್ಲ ಗುಡಿಸಿಲಿಗೆ ಕರೆದು, "ಒಳಗೆ ತೊಳೀರಿ ಅಂದಿದ್ದೆ. ತಪ್ಪು ನಂದು. ಇನ್ನು ಬೇಡ. ಇನ್ನೊಂದು ಸಲ ಹೇಳೋದಿಲ್ಲ, ಈಗಲೇ ಕೇಳಿಸ್ಕೊಳ್ಳಿ" ಎಂದಳು. ಅವಳ ಬಾಯಲ್ಲಿ ತಪ್ಪು ಎಂಬ ಮಾತನ್ನು ಯಾರೂ ಕೇಳಿರಲಿಲ್ಲ. ಸತ್ತ ಗಂಡನೂ ಕೇಳಿರಲಿಲ್ಲ.

ಮುಂದಿನ ಮೊದಲ ಮಂಗಳವಾರ ಹನ್ನೊಂದು ಹೆಂಗಸರನ್ನು ಹಿಂದಿಟ್ಟುಕೊಂಡು ಸಾಲಿನ ಮೊದಲಿಗೆ ಎನೆಲೆಸಿಯೇ ನಿಂತಿದ್ದಳು.

"ಒಳಗೆ ತೊಳ್ಕೊಂಡು ಬಂದಿದೀರಾ ಅಜ್ಜಿ?" ಎಂದಳು ತಿಯಾಮಿಕೆ.

"ಇಲ್ಲ," ಎನ್ನುತ್ತ ಎನೆಲೆಸಿ ಮೇಜು ಹತ್ತಿದಳು. "ಇಷ್ಟು ಕೇಳೋಕೆ ನಿನಗೆ ಮೂರು ತಿಂಗಳು ಬೇಕಾಯ್ತು."